ಕ್ಯಾಪ್ಟನ್ ಆದ ತಮ್ಮನ ಮಗಳಿಗೆ

ಧಾರವಾಡ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಶಾಲೆಯ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಆದ ಸುದ್ದಿಯನ್ನು ಓಣಿಗೆಲ್ಲ ಹೇಳಿ ಬಂದಿದ್ದೇನೆ. ಅಮೆರಿಕದ ನಿನ್ನ ಶಾಲೆಯಲ್ಲಿ ಫೆಬ್ರುವರಿಯ ಕಪ್ಪು ವರ್ಣೀಯರ ಇತಿಹಾಸ ತಿಂಗಳ ಸಭೆಗೆಂದು ನೀನು ಬರೆದ ಭಾಷಣದ ಕರಡನ್ನೂ ನಿನ್ನ ಅಪ್ಪ ಕಳಿಸಿದ. ಚೆನ್ನಾಗಿದೆ. ಒಂದು ವಾಕ್ಯವನ್ನು ಮಾತ್ರ ಹೊಡೆದು ಹಾಕು. ಆಟಕ್ಕೆ ಬಣ್ಣವಿಲ್ಲ, ಆಟ ಎಲ್ಲರನ್ನೂ ಒಂದು ಮಾಡುತ್ತದೆ ಎಂದು ಕೊನೆಗೆ ಬರೆದಿದ್ದೀಯಲ್ಲ, ಅದನ್ನು.

ಆ ವಾಕ್ಯವನ್ನು ನಾನು ನೌಕರಿಯುದ್ದಕ್ಕೂ ಕೇಳಿದ್ದೇನೆ. ತಾಲೂಕು ಕ್ರೀಡಾಕೂಟ ಉದ್ಘಾಟಿಸಲು ಬಂದ ಮುಖ್ಯ ಅತಿಥಿಗಳೆಲ್ಲ ಬಲೂನು ಹಾರಿಸಿ, ಇದನ್ನು ಹೇಳಿ, ಹಾರ ಹಾಕಿಸಿಕೊಂಡು ಕಾರು ಹತ್ತುತ್ತಿದ್ದರು. ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳ ಪೈಕಿ ಯಾರ ಕಾಲಿಗೆ ಬೂಟಿದೆ, ಯಾರು ಬರಿಗಾಲಿನಲ್ಲಿ ಓಡಬೇಕು, ಯಾವ ಹುಡುಗಿ ಊಟದ ಹೊತ್ತಿಗೆ ಬೇರೆ ಕೂರುತ್ತಾಳೆ ಎಂದು ನೋಡುವ ಕೆಲಸ ದೈಹಿಕ ಶಿಕ್ಷಕಿಯಾದ ನನ್ನ ಪಾಲಿಗೆ ಉಳಿಯುತ್ತಿತ್ತು. ಆಟಕ್ಕೆ ಎಲ್ಲ ಭೇದವೂ ಚೆನ್ನಾಗಿ ಗೊತ್ತಿತ್ತು ಪುಟ್ಟಿ. ಬಾಗಿಲು ಹಾಕಿದವರೂ ಮನುಷ್ಯರೇ, ತೆಗೆದವರೂ ಮನುಷ್ಯರೇ. ಚೆಂಡು ಯಾರ ಮನಸ್ಸನ್ನೂ ತಾನಾಗಿ ಬದಲಿಸಲಿಲ್ಲ.

ನಿಮ್ಮ ಕೋಚ್ ತಂಡಕ್ಕೆ ತೋರಿಸಿದ ಸಿನಿಮಾವನ್ನು ನಾನೂ ನೋಡಿದ್ದೇನೆ. ಟೆಕ್ಸಸ್ ವೆಸ್ಟರ್ನ್ ಎಂಬ, ದೇಶಕ್ಕೆ ಅಷ್ಟಾಗಿ ಪರಿಚಯವಿಲ್ಲದ ಕಾಲೇಜು 1966ರ ಮಾರ್ಚ್ 19ರಂದು ಐವರು ಕಪ್ಪು ಆಟಗಾರರೊಂದಿಗೆ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಫೈನಲ್ ಆರಂಭಿಸಿ, ಬಿಳಿಯರೇ ತುಂಬಿದ್ದ ಕೆಂಟಕಿ ತಂಡವನ್ನು ಸೋಲಿಸಿದ ಕಥೆ. ಕಣ್ಣು ಒದ್ದೆಯಾಗುವಂತೆ ತೆಗೆದಿದ್ದಾರೆ. ಆದರೆ ಸಿನಿಮಾದವರಿಗೆ ಎರಡು ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಒಬ್ಬ ನಾಯಕ ಬೇಕು, ಅವನ ಬಾಯಿಗೆ ಒಂದು ಭಾಷಣ ಬೇಕು. ಕೋಚ್ ಡಾನ್ ಹಾಸ್ಕಿನ್ಸ್ ಬಂದ ಮೊದಲ ವರ್ಷವೇ ಗೆದ್ದ ಹಾಗೆ ಅದರಲ್ಲಿ ತೋರಿಸಿದ್ದಾರೆ. ನಿಜದಲ್ಲಿ ಆತ ಆ ಕಾಲೇಜಿರುವ ಎಲ್ ಪಾಸೊಗೆ ಬಂದದ್ದು 1961ರಲ್ಲಿ. ಆತ ಬರುವುದಕ್ಕೂ ಮೊದಲು, 1956ರಲ್ಲಿಯೇ, ಚಾರ್ಲಿ ಬ್ರೌನ್ ಎಂಬ ಕಪ್ಪು ಯುವಕ ಆ ಕಾಲೇಜಿನ ತಂಡ ಸೇರಿದ್ದ. ಅಂದರೆ ಬಾಗಿಲು ತೆರೆದು ಹತ್ತು ವರ್ಷವಾಗಿತ್ತು. ಇತಿಹಾಸ ಬರೆಯಲು ತಾನು ಹೊರಟಿರಲಿಲ್ಲ, ಗೆಲ್ಲಿಸಬಲ್ಲವರನ್ನು ಇಳಿಸಿದೆ ಅಷ್ಟೇ ಎಂದು ಹಾಸ್ಕಿನ್ಸ್ ಮುಂದೆಯೂ ಹೇಳುತ್ತಿದ್ದರು. ನನಗೆ ಸಿನಿಮಾದ ಕೋಚ್‌ಗಿಂತ ಈ ಮನುಷ್ಯನೇ ಹೆಚ್ಚು ಹಿಡಿಸುತ್ತಾನೆ.

ಆ ಪಂದ್ಯದ ಅಂಕಪಟ್ಟಿಯನ್ನು ಒಮ್ಮೆ ನೋಡು. ಸ್ಕೋರು 72–65. ಆಟದ ನಡುವೆ ಬುಟ್ಟಿಗೆ ಹಾಕಿದ್ದು ಕೆಂಟಕಿಯೇ ಹೆಚ್ಚು: ಅವರದು 27 ಬಾಸ್ಕೆಟ್, ಟೆಕ್ಸಸ್ ವೆಸ್ಟರ್ನ್‌ದು 22. ಗೆಲುವು ಬಂದದ್ದು ಫ್ರೀ ಥ್ರೋ ಗೆರೆಯ ಮೇಲೆ, ಎದುರಾಳಿಯ ತಪ್ಪಿಗೆ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವಲ್ಲಿ. 34 ಅವಕಾಶಗಳಲ್ಲಿ 28 ಅಂಕ. ಕಪ್ಪು ಹುಡುಗರು ಹಾರುತ್ತಾರೆ, ಓಡುತ್ತಾರೆ, ಆದರೆ ಒತ್ತಡದಲ್ಲಿ ಶಿಸ್ತು ಉಳಿಸಿಕೊಳ್ಳಲಾರರು ಎಂದು ಆಗ ದೊಡ್ಡವರೆನಿಸಿಕೊಂಡವರೂ ಮಾತನಾಡುತ್ತಿದ್ದರು. ಆ ಹುಡುಗರು ಆಡಿದ್ದು ನಿಧಾನದ, ಲೆಕ್ಕಾಚಾರದ, ರಕ್ಷಣೆಯೇ ಮುಖ್ಯವಾದ ಆಟ. ಸಾವಿರಾರು ಜನ ಕೂಗುವಾಗ ಗೆರೆಯ ಮೇಲೆ ನಿಂತು, ಉಸಿರು ಹಿಡಿದು, ಒಂದೊಂದಾಗಿ ಹಾಕಿದರು. ಸಿನಿಮಾದಲ್ಲಿ ಹಾರಿ ಬುಟ್ಟಿಗೆ ಚೆಂಡು ತುರುಕುವ ಡಂಕ್ ಕಾಣಿಸುತ್ತದೆ, ಫ್ರೀ ಥ್ರೋ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಿನ್ನದು ಹೇಗಿದೆ ಈಗ? ಕಳೆದ ಸಲ ವಿಡಿಯೊದಲ್ಲಿ ನೋಡಿದಾಗ ಮೊಣಕೈ ಹೊರಗೆ ಹೋಗುತ್ತಿತ್ತು.

ಟೆಕ್ಸಸ್ಸಿನ ಕಥೆ ಹೇಳಲು ಸಾವಿರ ಜನರಿದ್ದಾರೆ. ನೀನಿರುವ ನಾರ್ತ್ ಕ್ಯಾರೊಲಿನಾದ ಡರ್ಹಮ್ ಊರಿನಲ್ಲಿಯೇ ಅದಕ್ಕಿಂತ ಇಪ್ಪತ್ತೆರಡು ವರ್ಷ ಮೊದಲು ನಡೆದದ್ದನ್ನು ನಿನ್ನ ಭಾಷಣದಲ್ಲಿ ಹುಡುಕಿದೆ, ಸಿಗಲಿಲ್ಲ. ಜಾನ್ ಮೆಕ್‌ಲೆಂಡನ್ ಎಂಬ ಕೋಚ್ ಇದ್ದರು. ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರ ಬಳಿಯೇ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕಲಿತವರು. ಆಟ ಹುಟ್ಟಿಸಿದವರೇ ಗುರು; ಆದರೂ ಆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಅವಕಾಶವಿರಲಿಲ್ಲ, ಚರ್ಮ ಕಪ್ಪು. ಅವರು ಡರ್ಹಮ್‌ಗೆ ಬಂದು, ಈಗ ನಾರ್ತ್ ಕ್ಯಾರೊಲಿನಾ ಸೆಂಟ್ರಲ್ ಯೂನಿವರ್ಸಿಟಿ ಎನ್ನಿಸಿಕೊಂಡಿರುವ ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ ತಂಡ ಕಟ್ಟಿದರು. ಚೆಂಡು ಸಿಕ್ಕ ಕ್ಷಣವೇ ಓಟ, ಎದುರಾಳಿ ತಿರುಗುವ ಮೊದಲೇ ಬುಟ್ಟಿ. ಈಗ ನೀವು ಫಾಸ್ಟ್ ಬ್ರೇಕ್ ಎಂದು ಕಲಿಯುವುದನ್ನು ಬೆಳೆಸಿದವರಲ್ಲಿ ಅವರು ಮುಂಚೂಣಿಯವರು. ಆದರೆ ದೊಡ್ಡ ಟೂರ್ನಿಗಳ ಬಾಗಿಲು ಅವರ ತಂಡಕ್ಕೆ ಮುಚ್ಚಿತ್ತು.

ಅದೇ ಊರಿನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳದೊಂದು ಬಿಳಿಯರ ತಂಡ, ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ಪಳಗಿದವರು. ಊರಿನಲ್ಲಿ ಯಾರು ಮೇಲು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಆಡಿ ನೋಡೋಣವೆಂದರೆ ಅಂಥ ಪಂದ್ಯವನ್ನು ಕಪ್ಪು ಬಿಳಿಯರನ್ನು ಬೇರೆ ಬೇರೆ ಇಡುತ್ತಿದ್ದ ಅಂದಿನ ದಕ್ಷಿಣ ರಾಜ್ಯಗಳ ಕಟ್ಟಳೆ ಒಪ್ಪುವುದಿಲ್ಲ. 1944ರ ಮಾರ್ಚ್ 12, ಭಾನುವಾರ. ಊರಿನವರು, ಪೊಲೀಸರೂ ಸೇರಿ, ಚರ್ಚಿನಲ್ಲಿರುವ ಹೊತ್ತು ನೋಡಿಕೊಂಡು ಬಿಳಿಯ ಹುಡುಗರು ಸುತ್ತು ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು, ಮುಖ ಮರೆಸಿಕೊಂಡು ಜಿಮ್ನೇಷಿಯಮ್ ಒಳಗೆ ನುಗ್ಗಿದರು. ಬಾಗಿಲಿಗೆ ಬೀಗ. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮೆಕ್‌ಲೆಂಡನ್ ಅವರ ಹುಡುಗರು 88–44ರಿಂದ ಗೆದ್ದರು, ಸರಿಯಾಗಿ ಎರಡು ಪಟ್ಟು! ಇಷ್ಟಕ್ಕೇ ಮುಗಿಸಿ ಹೋಗಬಹುದಿತ್ತು. ಹೋಗಲಿಲ್ಲ. ಎರಡೂ ತಂಡಗಳನ್ನು ಕಲಸಿ, ಕಪ್ಪು ಬಿಳಿ ಎರಡೂ ಒಂದೇ ಕಡೆಗೆ ಬರುವಂತೆ ಹಂಚಿಕೊಂಡು, ಇನ್ನೊಂದು ಆಟ ಆಡಿದರು.

ನನಗೆ ಆ ಎರಡನೆಯ ಆಟವೇ ಮುಖ್ಯ. ಅದಕ್ಕೆ ಸ್ಕೋರಿನ ಗೊಡವೆಯೂ ಇರಲಿಲ್ಲ. ಸುಳಿವು ಹತ್ತಿದ ಕಪ್ಪು ವರ್ಣೀಯರ ಪತ್ರಿಕೆಯ ವರದಿಗಾರ ಒಂದಕ್ಷರವನ್ನೂ ಬರೆಯಲಿಲ್ಲ. ಬರೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಅದೇ ವರ್ಷದ ಜುಲೈ ಸಾಕು: ಸಮವಸ್ತ್ರದಲ್ಲಿದ್ದ ಬೂಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕ ಡರ್ಹಮ್‌ನ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುವ ವಿಷಯಕ್ಕೆ ವಾದಿಸಿದನೆಂದು ಬಸ್ಸಿನ ಚಾಲಕ ಗುಂಡು ಹೊಡೆದು ಕೊಂದ. ನ್ಯಾಯಾಲಯ ಚಾಲಕನನ್ನು ನಿರ್ದೋಷಿ ಎಂದು ಬಿಟ್ಟಿತು. ಆ ಭಾನುವಾರದ ಗುಟ್ಟು ಲೋಕಕ್ಕೆಲ್ಲ ತಿಳಿದದ್ದು 1996ರಲ್ಲಿ. ನೀನು ಆಟ ಆಡಲು ಹೋಗುವ ದಾರಿಯಲ್ಲಿರುವ ನಾರ್ತ್ ಕ್ಯಾರೊಲಿನಾ ಸೆಂಟ್ರಲ್‌ನ ಕ್ರೀಡಾಂಗಣಕ್ಕೆ ಇಂದು ಮೆಕ್‌ಲೆಂಡನ್ ಅವರ ಹೆಸರೂ ಇದೆ. ಅಪ್ಪನಿಗೆ ಹೇಳಿ ಒಂದು ದಿನ ಕಾರು ನಿಲ್ಲಿಸು.

ಈಗ ಕ್ಯಾಪ್ಟನ್‌ಗಳ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕೆ.

ಮಿಸಿಸಿಪಿ ಸ್ಟೇಟ್ ಎಂಬ ಬಿಳಿಯರ ತಂಡ 1959, 61 ಮತ್ತು 62ರಲ್ಲಿ ತನ್ನ ಲೀಗನ್ನು ಗೆದ್ದಿತ್ತು. ಆದರೂ ರಾಷ್ಟ್ರೀಯ ಟೂರ್ನಿಗೆ ಹೋಗಲಿಲ್ಲ. ಅಲ್ಲಿ ಕಪ್ಪು ಆಟಗಾರರಿರುವ ತಂಡ ಎದುರಾಗುತ್ತದೆ, ಹಾಗೆ ಆಡುವುದು ಆ ರಾಜ್ಯದಲ್ಲಿ ನಿಷಿದ್ಧ. ಇದು ಯಾವ ಪುಸ್ತಕದಲ್ಲೂ ಬರೆದಿಟ್ಟ ಕಾನೂನಾಗಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಅಂಥ ಬರೆಯದ ಕಟ್ಟಳೆಗಳು ಎಷ್ಟು ಗಟ್ಟಿ ಎಂಬುದನ್ನು ನಮ್ಮ ಹಳ್ಳಿಗಳ ಬಾವಿ ಕಟ್ಟೆ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ನಾಲ್ಕನೆಯ ಸಲ, 1963ರಲ್ಲಿ, ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕೋಲ್ವರ್ಡ್ ಹೋಗಿಬನ್ನಿ ಎಂದರು. ರಾಜ್ಯಪಾಲ ರಾಸ್ ಬಾರ್ನೆಟ್ ವಿರೋಧಿಸಿದ, ನ್ಯಾಯಾಲಯದಿಂದ ತಡೆಯಾಜ್ಞೆಯೂ ಬಂತು. ಆಜ್ಞೆ ಕೈಗೆ ಸಿಗುವ ಮೊದಲೇ ಕೋಚ್ ರಾತ್ರೋರಾತ್ರಿ ರಾಜ್ಯದ ಗಡಿ ದಾಟಿದರು. ಮೊದಲು ಬೇರೆ ಹುಡುಗರನ್ನು ವಿಮಾನ ನಿಲ್ದಾಣಕ್ಕೆ ಕಳಿಸಿ, ದಾರಿ ಬಿಡುವಾಗಿದೆ ಎಂದು ಖಾತ್ರಿಯಾದ ಮೇಲೆ ಮುಖ್ಯ ಆಟಗಾರರು ವಿಮಾನ ಹತ್ತಿದರು. ಆಡಲು ಹೋಗುವುದಕ್ಕೆ ಕಳ್ಳರ ಹಾಗೆ ಹೋಗಬೇಕಾಯಿತು ನೋಡು.

ಎದುರಾಳಿ ಶಿಕಾಗೊದ ಲೊಯೋಲಾ. ಅದರ ಆರಂಭದ ಐವರಲ್ಲಿ ನಾಲ್ವರು ಕಪ್ಪು ವರ್ಣೀಯರು, ಕ್ಯಾಪ್ಟನ್ ಜೆರ್ರಿ ಹಾರ್ಕ್‌ನೆಸ್ ಕೂಡ. ದ್ವೇಷದ ಪತ್ರಗಳು ಆ ಹುಡುಗರಿಗೆ ಮೊದಲೇ ಬಂದಿದ್ದವು. ಮಾರ್ಚ್ 15ರಂದು ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಆಟ ಶುರುವಾಗುವ ಮುನ್ನ ಇಬ್ಬರು ಕ್ಯಾಪ್ಟನ್‌ಗಳೂ ಅಂಗಳದ ನಡುವೆ ಬಂದರು. ಹಾರ್ಕ್‌ನೆಸ್ ಕೈ, ಮಿಸಿಸಿಪಿಯ ಜೋ ಡ್ಯಾನ್ ಗೋಲ್ಡ್ ಕೈ. ಕ್ಯಾಮೆರಾಗಳು ಒಮ್ಮೆಲೇ ಮಿಂಚಿದವು. ಲೊಯೋಲಾ 61–51ರಿಂದ ಗೆದ್ದಿತು, ಆಮೇಲೆ ಚಾಂಪಿಯನ್ ಕೂಡ ಆಯಿತು. ಸೋತು ಹೋದವರಿಗೆ ಊರಿನಲ್ಲಿ ಕಲ್ಲು ಬೀಳಲಿಲ್ಲ, ಸ್ವಾಗತವೇ ಸಿಕ್ಕಿತು. ಗೋಲ್ಡ್ 2011ರಲ್ಲಿ ತೀರಿಕೊಂಡಾಗ ಹಾರ್ಕ್‌ನೆಸ್ ಅಂತ್ಯಕ್ರಿಯೆಗೆ ಹೋದರು. ಶವಪೆಟ್ಟಿಗೆಯ ಬಳಿ ಆ ಕೈಕುಲುಕಿನ ಫೋಟೊ ಇತ್ತು. ಪ್ರತಿ ಪಂದ್ಯಕ್ಕೂ ಮೊದಲು ನೀನೂ ಎದುರಾಳಿ ಕ್ಯಾಪ್ಟನ್‌ನ ಕೈ ಕುಲುಕುತ್ತೀಯಲ್ಲ? ಇನ್ನು ಮೇಲೆ ಅವಳ ಮುಖ ನೋಡಿ ಕುಲುಕು, ಎತ್ತಲೋ ನೋಡುತ್ತಾ ಬೆರಳ ತುದಿ ಕೊಡಬೇಡ.

ಎಲ್ಲ ಕ್ಯಾಪ್ಟನ್‌ಗಳೂ ಹೀಗಿರಲಿಲ್ಲ. 1961ರ ಅಕ್ಟೋಬರಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡ ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಪ್ರದರ್ಶನ ಪಂದ್ಯಕ್ಕೆ ಹೋಗಿತ್ತು. ಹೋಟೆಲಿನ ಕಾಫಿ ಶಾಪಿನಲ್ಲಿ ಅದರ ಕಪ್ಪು ಆಟಗಾರರಾದ ಸ್ಯಾಮ್ ಜೋನ್ಸ್ ಮತ್ತು ಸ್ಯಾಚ್ ಸ್ಯಾಂಡರ್ಸ್‌ಗೆ ತಿಂಡಿ ಕೊಡುವುದಿಲ್ಲ ಎಂದರು. ಬಿಲ್ ರಸೆಲ್ ಮತ್ತು ಉಳಿದ ಕಪ್ಪು ಆಟಗಾರರು ಪಂದ್ಯ ಬಿಟ್ಟು ಊರಿಗೆ ಮರಳಿದರು. ಎದುರಾಳಿ ಸೇಂಟ್ ಲೂಯಿಸ್ ತಂಡದ ಕಪ್ಪು ಆಟಗಾರರೂ ಆಡಲಿಲ್ಲ. ಎರಡೂ ಕಡೆಯ ಬಿಳಿಯರು ಮಾತ್ರ ಆ ಸಂಜೆ ಪಂದ್ಯವನ್ನು ಆಡಿ ಮುಗಿಸಿದರು. ಸೆಲ್ಟಿಕ್ಸ್ ಕ್ಯಾಪ್ಟನ್, ಬಿಳಿಯನಾದ ಬಾಬ್ ಕೂಸಿ ಕೆಟ್ಟವನೇನಲ್ಲ. ಚಕ್ ಕೂಪರ್ ಎಂಬ ಕಪ್ಪು ಆಟಗಾರನಿಗೆ ಒಂದು ಊರಿನಲ್ಲಿ ಹೋಟೆಲು ಸಿಗದಿದ್ದಾಗ ಅವನ ಜೊತೆ ರಾತ್ರಿಯ ರೈಲು ಹತ್ತಿದವನು. ಅಂಥವನು ಕೂಡ ಆ ದಿನ ಆಡಿದ. ಎಂಬತ್ತು ದಾಟಿದ ಮೇಲೆ ರಸೆಲ್‌ಗೆ ಪತ್ರ ಬರೆದು, ನಾನು ಇನ್ನಷ್ಟು ಮಾಡಬೇಕಿತ್ತು ಎಂದು ತೋಡಿಕೊಂಡ. ಆ ಪತ್ರಕ್ಕೆ ನನ್ನಲ್ಲಿ ಗೌರವವಿದೆ. ಆದರೆ ತಿಂಡಿ ನಿರಾಕರಿಸಿದ ದಿನ ಬೇಕಿದ್ದದ್ದು ಅರ್ಧ ಶತಮಾನದ ಮೇಲೆ ಬಂದರೆ ಅದು ಯಾರಿಗೆ ಊಟವಾಗುತ್ತದೆ?

ಇನ್ನೊಬ್ಬನ ಬಗ್ಗೆ ಹೇಳಲೇಬೇಕು, ಪೆರ್ರಿ ವಾಲೇಸ್. ಕೆಂಟಕಿ, ಮಿಸಿಸಿಪಿ ಸ್ಟೇಟ್ ಎಲ್ಲ ಇರುವ ಆ ದಕ್ಷಿಣದ ಲೀಗಿನಲ್ಲಿ ಕಾಲೇಜಿನ ಮುಖ್ಯ ತಂಡಕ್ಕೆ ಆಡಿದ ಮೊದಲ ಕಪ್ಪು ಬಾಸ್ಕೆಟ್‌ಬಾಲ್ ಆಟಗಾರ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, 1967. ಓದಿನಲ್ಲೂ ಮುಂದೆ, ಎಂಜಿನಿಯರಿಂಗ್ ವಿದ್ಯಾರ್ಥಿ. 1968ರ ಫೆಬ್ರುವರಿಯಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಮೊದಲಾರ್ಧದಲ್ಲೇ ಕಣ್ಣಿಗೆ ಪೆಟ್ಟು ಬಿತ್ತು. ವಿರಾಮದಲ್ಲಿ ಚಿಕಿತ್ಸೆ ನಡೆಯುತ್ತಿದ್ದಾಗ ತಂಡ ಅವನನ್ನು ಬಿಟ್ಟು ಅಂಗಳಕ್ಕೆ ಹೊರಟುಹೋಯಿತು. ಕಣ್ಣು ಊದಿಕೊಂಡ ಹುಡುಗ ಬಾಗಿಲ ಬಳಿ ಬಂದು ನೋಡಿದರೆ ಒಬ್ಬರೂ ಇಲ್ಲ. ಹೊರಗೆ ಹೀಯಾಳಿಸುವ ಜನ. ಒಬ್ಬನೇ ನಡೆದುಕೊಂಡು ಹೋಗಬೇಕಾಯಿತು.

ಪುಟ್ಟಿ, ಆ ತಂಡದಲ್ಲಿ ಅವನನ್ನು ಬೈದವರು ಇರಲಿಲ್ಲ ಎಂದೇ ಇಟ್ಟುಕೋ. ಎಲ್ಲರೂ ಸಭ್ಯ ಹುಡುಗರು. ಒಬ್ಬನಿಗಾದರೂ ಬಾಗಿಲ ಬಳಿ ಎರಡು ನಿಮಿಷ ನಿಲ್ಲಬೇಕು ಎಂದು ಹೊಳೆಯಲಿಲ್ಲ. ಕೊನೆಯ ವರ್ಷ ವಾಲೇಸ್ ತಾನೇ ಕ್ಯಾಪ್ಟನ್ ಆದ. ಓದು ಮುಗಿಸುವ ಹೊತ್ತಿಗೆ ತನ್ನ ಒಂಟಿತನವನ್ನು ಊರಿನ ಪತ್ರಿಕೆಗೆ ಬಿಚ್ಚಿ ಹೇಳಿದ್ದಕ್ಕೆ, ಉಂಡ ಮನೆಗೆ ಎರಡು ಬಗೆದ ಎಂಬಂತೆ ಅನೇಕರು ಸಿಟ್ಟಾದರು. ಆತ ಊರು ಬಿಟ್ಟು, ಕಾನೂನು ಓದಿ, ಪ್ರಾಧ್ಯಾಪಕನಾದ. ವಿಶ್ವವಿದ್ಯಾಲಯ ಅವನ ಜರ್ಸಿಯನ್ನು ಗೌರವದಿಂದ ಮೇಲಕ್ಕೆ ತೂಗುಹಾಕಿದ್ದು 2004ರಲ್ಲಿ.

ಇದೆಲ್ಲ ಅಮೆರಿಕದ ಪಾಪ, ನಮಗೇನು ಎಂದು ನಿನ್ನ ಅಪ್ಪನ ಗೆಳೆಯರು ಹೇಳಬಹುದು. ಅವರಿಗೆ ನಮ್ಮೂರಿನ ಒಂದು ಹೆಸರು ಹೇಳು. ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಡಗೈ ಸ್ಪಿನ್ ಬೌಲರ್. 1911ರಲ್ಲಿ ಭಾರತೀಯ ತಂಡದೊಂದಿಗೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಚಮ್ಮಾರರ ಮನೆಯ ಮಗ. ಪುಣೆಯಲ್ಲಿ ಸಹ ಆಟಗಾರರು ಅವರ ಎಸೆತದ ಮೇಲೆ ಪಂದ್ಯ ಗೆಲ್ಲುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಆಗ ಧರ್ಮ, ಜನಾಂಗದ ಮೇಲೆ ತಂಡ ಕಟ್ಟುತ್ತಿದ್ದರು; ಹಿಂದೂಗಳ ತಂಡದಲ್ಲಿ ಅವರಷ್ಟು ದೊಡ್ಡ ಬೌಲರ್ ಇರಲಿಲ್ಲ, ಆದರೂ ಕ್ಯಾಪ್ಟನ್ ಪಟ್ಟ ಅವರಿಗೆ ದಕ್ಕಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ತಮ್ಮ ವಿಠ್ಠಲನಿಗೆ. ಇಲ್ಲಿಯ ಮೈದಾನಗಳಲ್ಲಿ ಆಡುವ ಎಷ್ಟು ಹುಡುಗರಿಗೆ ಬಾಳೂ ಅವರ ಹೆಸರು ಗೊತ್ತು ಎಂದು ಕೇಳಿದರೆ ನಾನು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ನಾನು ನಿಮ್ಮಲ್ಲಿಗೆ ಬಂದಿದ್ದಾಗ ಊಟದ ಮೇಜಿನಲ್ಲಿ ನಮ್ಮವರೇ ಒಬ್ಬರು, ಆ ಕಡೆಯ ಓಣಿಗೆ ಹೋಗಬೇಡಿ, ಅಲ್ಲಿ ಅವರು ಇರುತ್ತಾರೆ ಎಂದು ಎಚ್ಚರಿಸಿದರು. ಚಪಾತಿ ಹರಿಯುತ್ತಾ ಎಷ್ಟು ಸಲೀಸಾಗಿ ಹೇಳಿದರು! ನಮ್ಮವರಿಗೆ ಆ ದೇಶದ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು. ಎರಡರ ಹಿಂದೆಯೂ ಒಂದೇ ಗಾಳಿ ಬೀಸಿತ್ತು, ಆ ಗಾಳಿ ಎಬ್ಬಿಸಲು ಪೆಟ್ಟು ತಿಂದವರು ‘ಅವರು’. ನಿನ್ನ ಅಪ್ಪನ ಕೆಲಸ, ನಿನ್ನ ಶಾಲೆ, ನಿನ್ನ ಜರ್ಸಿ, ಎಲ್ಲದರಲ್ಲೂ ಅವರ ಪಾಲಿದೆ. ನಿನ್ನ ಡಬ್ಬಿಯ ವಾಸನೆಗೆ ಮೂಗು ಮುಚ್ಚಿದ ಹುಡುಗಿಯ ಬಗ್ಗೆ ಬರೆದಿದ್ದೆ. ಅದು ತಪ್ಪೇ, ಅವಳಿಗೆ ನೇರವಾಗಿ ಹೇಳು. ಆದರೆ ಭಾಷಣದಲ್ಲಿ ಅದನ್ನು ಬೂಕರ್ ಸ್ಪೈಸ್ಲಿಯ ಪಕ್ಕದಲ್ಲಿ ಇಡಬೇಡ.

ಇನ್ನು ಕೆಲಸದ ಮಾತು. ತಂಡದಲ್ಲಿ ಹನ್ನೆರಡು ಹುಡುಗಿಯರಿದ್ದಾರೆ ಎಂದೆ. ಅಭ್ಯಾಸ ಮುಗಿದ ಮೇಲೆ ಕರೆದೊಯ್ಯಲು ಯಾರ ಮನೆಯಿಂದ ಕಾರು ಬರುವುದಿಲ್ಲ? ಬೇಸಿಗೆಯ ಕ್ಲಬ್ ತಂಡಕ್ಕೆ ಶುಲ್ಕ ಕಟ್ಟಲಾರದೆ ಆಸಕ್ತಿಯಿಲ್ಲ ಎಂದು ಸುಳ್ಳು ಹೇಳಿದವರು ಯಾರು? ಬಸ್ಸಿನಲ್ಲಿ ಯಾರ ಪಕ್ಕದ ಸೀಟು ಯಾವಾಗಲೂ ಖಾಲಿ? ಪಂದ್ಯದ ನಂತರ ಪಿಜ್ಜಾ ತಿನ್ನಲು ಹೋಗೋಣ ಎಂದು ಮೊದಲು ಹೇಳುವವರು ಯಾರು, ಚೀಲ ಹೆಗಲಿಗೇರಿಸಿ ಮೊದಲು ಹೊರಡುವವರು ಯಾರು? ಇವಕ್ಕೆ ಉತ್ತರ ನಿನ್ನ ಕೋಚ್‌ಗೆ ಗೊತ್ತಿರಬೇಕೆಂದಿಲ್ಲ, ನಿನಗೆ ಗೊತ್ತಿರಬೇಕು. ಪೆಟ್ಟಾದವಳು ಒಳಗಿದ್ದರೆ ನೀನು ಬಾಗಿಲ ಬಳಿ ನಿಲ್ಲು; ರೆಫರಿ ಶಿಳ್ಳೆ ಹೊಡೆದರೂ ಒಬ್ಬಳನ್ನಾದರೂ ನಿಲ್ಲಿಸಿ ಹೋಗು. ಯಾರನ್ನಾದರೂ ಎಲ್ಲಿಯಾದರೂ ಒಳಗೆ ಬಿಡುವುದಿಲ್ಲ ಎಂದರೆ ಉಳಿದ ಹನ್ನೊಂದು ಜನ ಏನು ಮಾಡುತ್ತೀರಿ ಎಂಬುದನ್ನು ಈಗಲೇ, ಜಗಳವಿಲ್ಲದ ದಿನದಲ್ಲಿ, ಕೂತು ಮಾತಾಡಿ ಇಟ್ಟುಕೊಳ್ಳಿ. ಆ ಹೊತ್ತಿಗೆ ಯೋಚಿಸೋಣ ಎಂದರೆ ಹಸಿವು, ಟಿಕೆಟ್ಟು, ಕೋಚ್‌ನ ಭಯ ಎಲ್ಲ ಸೇರಿ ಮನುಷ್ಯ ಆಡಿಯೇ ಬಿಡುತ್ತಾನೆ.

ಭಾಷಣಕ್ಕೆ ಟೆಕ್ಸಸ್ಸಿನ ಕಥೆ ಬಿಟ್ಟು ಡರ್ಹಮ್‌ನ ಭಾನುವಾರವನ್ನು ಹಾಕು. ಕೇಳುವವರಲ್ಲಿ ಅರ್ಧ ಜನಕ್ಕೆ ತಮ್ಮ ಊರಿನ ಈ ಸಂಗತಿ ಗೊತ್ತಿರಲಿಕ್ಕಿಲ್ಲ. ತಿದ್ದಿದ ಕರಡನ್ನು ಕಳಿಸು, ಇಂಗ್ಲಿಷಿನಲ್ಲಿದ್ದರೂ ಓದುತ್ತೇನೆ. ಈ ಪತ್ರದಲ್ಲಿ ತಿಳಿಯದ ಮಾತಿದ್ದರೆ ಅಪ್ಪನ ಹತ್ತಿರ ಓದಿಸಿಕೋ, ಅವನಿಗೂ ಒಳ್ಳೆಯದು. ದಿನಾ ಅಭ್ಯಾಸ ಮುಗಿದ ಮೇಲೆ, ಕಾಲು ಸೋತಿರುವಾಗಲೇ, ಐವತ್ತು ಫ್ರೀ ಥ್ರೋ ಹಾಕು, ಮೊಣಕೈ ಒಳಗಿರಲಿ. ಮುಂದಿನ ತಿಂಗಳು ಅಲ್ಲಿಗೆ ಬರುವವರ ಕೈಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡನ್ನೂ ಕಳಿಸುತ್ತಿದ್ದೇನೆ. ನಿನ್ನ ತಂಡದವರಿಗೂ ರುಚಿ ತೋರಿಸು, ಖಾರ ಸ್ವಲ್ಪ ಹೆಚ್ಚಿದೆ ಎಂದು ಮೊದಲೇ ಹೇಳಿ ಕೊಡು.

ಇತಿ ನಿನ್ನ
ಅತ್ತೆ